ಮನೆಮನೆಗೆ ಅಂತರ್ಜಾಲ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕರು ವಿಚಾರಿಸಿ ನೋಡತಕ್ಕ ಸಂಗತಿಗಳು

ಕೃಷಿಯ ವಿಷಯಗಳಿಗೆಂದೇ ಮೀಸಲಾದ ಈ ಪತ್ರಿಕೆಯಲ್ಲಿ ಅಂತರ್ಜಾಲದ ಪ್ರಸ್ತಾಪವೇತಕ್ಕೆಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಆದರೆ ಕಳೆದ ಕಾಲು ಶತಮಾನದಲ್ಲಿ ಕೃಷಿಕನ ವ್ಯವಹಾರಗಳು ಒಂದೊಂದಾಗಿ ಕಚೇರಿಯ ಕಪಾಟನ್ನು ಬಿಟ್ಟು ಈ ತಂತಿಯ ಮಾರ್ಗವನ್ನು ಹಿಡಿದಿರುವುದು ಎಲ್ಲರ ಅನುಭವಕ್ಕೆ ಬಂದ ಸಂಗತಿಯಾಗಿದೆ. 2000ದಲ್ಲಿ ಭೂಮಿ ಯೋಜನೆಯು ಆರಂಭವಾಗಿ ಪಹಣಿಯು ಗಣಕಯಂತ್ರವನ್ನು ಸೇರಿತು. 2020ರಲ್ಲಿ ಬೆಳೆ ಸಮೀಕ್ಷೆಯ ಚಿತ್ರವನ್ನು ಕೃಷಿಕನೇ ತನ್ನ ಮೊಬೈಲಿನಿಂದ ಕಳುಹಿಸುವ ಏರ್ಪಾಡಾಯಿತು. ಅಡಿಕೆ, ಕಾಳುಮೆಣಸುಗಳ ಹವಾಮಾನ ಆಧಾರಿತ ವಿಮೆಯ ನೋಂದಣಿಯು ಮಳೆಗಾಲದ ಮೊದಲಲ್ಲಿಯೇ, ಎಂದರೆ ಲೈನುಗಳು ಕೆಡುವ ದಿನಗಳಲ್ಲಿಯೇ, ಆಗಬೇಕಾಗುವುದು. ಅಡಿಕೆಯ ದಿನದ ಧಾರಣೆಯನ್ನು ತಿಳಿಯುವುದಕ್ಕೂ, ಎಲೆಚುಕ್ಕಿ ರೋಗ ತಗಲಿದ ಸೋಗೆಯ ಚಿತ್ರವನ್ನು ವಿಟ್ಲದ ಸಂಶೋಧನಾ ಕೇಂದ್ರದ ತಜ್ಞರಿಗೆ ಕಳುಹಿಸಿ ಸಲಹೆ ಕೇಳುವುದಕ್ಕೂ ಇಂದು ಅದೇ ದಾರಿ.

ಇದಕ್ಕಿಂತಲೂ ದೊಡ್ಡ ಕಾರಣವೊಂದುಂಟು. 2020 ಮತ್ತು 2021ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡೆಯ ತುದಿಯನ್ನೂ ರಸ್ತೆಯ ಬದಿಯನ್ನೂ ಶಾಲೆಯನ್ನಾಗಿ ಮಾಡಿಕೊಳ್ಳಬೇಕಾಯಿತು. ಸುಳ್ಯ ತಾಲೂಕಿನ ಗುತ್ತಿಗಾರಿನ ಪರಿಸರದಲ್ಲಿ ಸುರಿಯುವ ಮಳೆಗೆ ತಂದೆಯು ಕೊಡೆ ಹಿಡಿದು ನಿಂತಿರಲು ಮಗಳು ರಸ್ತೆಯ ಪಕ್ಕದಲ್ಲಿ ಕುಳಿತು ಪಾಠ ಕೇಳುತ್ತಿದ್ದ ಚಿತ್ರವು 2021ರ ಜೂನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗಿ ನಾಡಿನ ಗಮನವನ್ನು ಸೆಳೆಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಉದ್ಯೋಗವನ್ನು ಬಿಡದೆಯೇ ಊರಿಗೆ ಮರಳಿದ ಯುವಕರು ಅನೇಕರಿದ್ದರು. ಲೈನು ಸ್ಥಿರವಾಗಿದ್ದ ಮನೆಗಳಲ್ಲಿ ಅವರಲ್ಲಿ ಕೆಲವರು ನಿಂತರು. ಬೆಳಗ್ಗೆ ತೋಟಕ್ಕೆ ಹೋಗಿ, ಮದ್ದು ಬಿಡುವವರನ್ನು ವಿಚಾರಿಸಿ, ಅನಂತರ ಕೆಲಸಕ್ಕೆ ಕುಳಿತುಕೊಳ್ಳುವರು. ಲೈನು ಇಲ್ಲದ ಮನೆಗಳಲ್ಲಿ ವೃದ್ಧರಾದ ತಂದೆತಾಯಿಗಳು ಮಾತ್ರ ಉಳಿದಿದ್ದಾರೆ. ತೋಟಗಳನ್ನು ಮುಂದೆ ಯಾರು ನೋಡಿಕೊಳ್ಳುವರೆಂಬ ಚಿಂತೆಯುಳ್ಳ ಭೂಮಾಲಕರು ಈ ವಿಷಯವನ್ನು ಕೇವಲ ವಿನೋದದ ಸಾಧನವೆಂದು ತಳ್ಳಿಬಿಡಲಾಗದು.

ಇನ್ನು ಪ್ರಕೃತ ವಿಷಯಕ್ಕೆ ಬರುವ. ಯಾವ ಕಂಪೆನಿಯ ಸಂಪರ್ಕವು ಉತ್ತಮವೆಂದು ನಮ್ಮನ್ನು ಕೇಳುವವರು ಬಹಳ. ವೇಗ, ಖರ್ಚು, ಭರವಸೆ ಎಂಬ ಮೂರನ್ನು ಒರೆಹಚ್ಚಿ ನೋಡಬೇಕೆಂಬುದು ಸರಿಯೇ. ಆದರೆ ಪೇಟೆಯವರು ಇವುಗಳನ್ನು ಯಾವ ಕ್ರಮದಲ್ಲಿ ನೋಡುವರೋ ಆ ಕ್ರಮವು ನಮ್ಮ ಮೂರು ತಾಲೂಕುಗಳಿಗೆ ಒಪ್ಪುವುದಿಲ್ಲ. ಇಲ್ಲಿ ಭರವಸೆಯನ್ನು ಮೊದಲು ವಿಚಾರಿಸಿ, ಖರ್ಚನ್ನು ತರುವಾಯ ಲೆಕ್ಕಹಾಕಿ, ವೇಗದ ಮಾತನ್ನು ಕಡೆಗೆ ಎತ್ತತಕ್ಕದ್ದು. ಇದಕ್ಕೆ ಕಾರಣವು ನಮ್ಮ ನೆಲದ ರಚನೆಯಲ್ಲಿಯೇ ಇರುವುದು.

ಬಯಲುಸೀಮೆಯ ಗ್ರಾಮದಲ್ಲಿ ನೂರು ಮನೆಗಳು ಒಂದೇ ಕಡೆ ಗುಂಪಾಗಿರುವುವು. ಒಂದು ಕಂಬದಿಂದ ಇಪ್ಪತ್ತು ಮನೆಗಳಿಗೆ ತಂತಿಯನ್ನು ಎಳೆಯಬಹುದು. ನಮ್ಮಲ್ಲಿ ಹಾಗಲ್ಲ. ಒಂದೊಂದು ಮನೆಯೂ ತನ್ನ ತನ್ನ ತೋಟದ ಮೇಲ್ಬದಿಯಲ್ಲಿ, ಗುಡ್ಡೆಯ ಬುಡದಲ್ಲಿ, ನೆರೆಮನೆಯಿಂದ ಎರಡು ಮೂರು ಫರ್ಲಾಂಗು ದೂರವಾಗಿರುವುದು. ನಡುವೆ ತೋಡು, ಸಂಕ, ರಬ್ಬರು ತೋಟ, ಗೇರುಗುಡ್ಡೆ. ಕಂಪೆನಿಯವನ ದೃಷ್ಟಿಯಿಂದ ನೋಡಿದರೆ ಒಬ್ಬ ಗಿರಾಕಿಗೋಸ್ಕರ ಅರ್ಧ ಕಿಲೋಮೀಟರು ಕೇಬಲನ್ನು ಎಳೆದು, ಅದನ್ನು ವರ್ಷಂಪ್ರತಿ ಸುಮಾರು 4000 ಮಿಲ್ಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಕಾಪಾಡಬೇಕು. ಕಡಬ ತಾಲೂಕಿನ ಶಿರಾಡಿ, ಕೊಂಬಾರು, ಬಿಳಿನೆಲೆಗಳಂತಹ ಘಟ್ಟದ ಬುಡದ ಗ್ರಾಮಗಳಲ್ಲಿಯೂ, ಸುಳ್ಯದ ಕೊಲ್ಲಮೊಗ್ರು, ಮಡಪ್ಪಾಡಿ, ತೊಡಿಕಾನಗಳ ಕಡೆಯಲ್ಲಿಯೂ ಈ ಕಷ್ಟವು ಮತ್ತಷ್ಟು. ಪುತ್ತೂರು ಪೇಟೆಯಲ್ಲಿ ಒಳ್ಳೆಯದೆಂದು ಹೆಸರಾದ ಕಂಪೆನಿಯು ಹತ್ತು ಮೈಲು ಒಳಗೆ ಬಂದಾಗ ಬೇರೆಯೇ ಆಗಿರುವುದು ಈ ಕಾರಣದಿಂದ.

ಮನೆಗೆ ಸಂಪರ್ಕ ಬರುವ ಬಗೆಗಳು

ಹಳೆಯವರಿಗೆ ತಾಮ್ರದ ತಂತಿಯ ಟೆಲಿಫೋನಿನ ನೆನಪು ಇರಬಹುದು. 2005ರಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯು ಅದೇ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರು ದೂರ ಹೋಗುವಷ್ಟರಲ್ಲಿ ಅದರ ಶಕ್ತಿಯು ಉಡುಗುತ್ತಿದ್ದಿತು. ಮೇಲಾಗಿ ತಾಮ್ರವು ಸಿಡಿಲನ್ನು ನೇರವಾಗಿ ಮನೆಯೊಳಗೆ ತರುತ್ತಿದ್ದಿತು. ಮೇ ತಿಂಗಳ ಒಂದು ಸಂಜೆಯ ಗುಡುಗಿಗೆ ಮೋಡೆಮ್ ಸುಟ್ಟುಹೋಗದ ಮನೆಯು ಆಗ ಅಪರೂಪವೆಂದರೂ ಸಲ್ಲುವುದು.

ಈಗಿನ ಫೈಬರು ಎಂಬುದು ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆ. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಎಕ್ಸ್‌ಚೇಂಜಿನಿಂದ ಇಪ್ಪತ್ತು ಕಿಲೋಮೀಟರಿನವರೆಗೂ ಶಕ್ತಿಗುಂದದೆ ಹೋಗಬಲ್ಲುದು. ಗಾಜು ಸಿಡಿಲನ್ನು ಒಯ್ಯುವುದಿಲ್ಲವಾದುದರಿಂದ ಆ ಭಯವೂ ಕಡಿಮೆ; ಆದರೆ ಎಳೆಯನ್ನು ಹೊತ್ತ ಕೇಬಲಿನಲ್ಲಿ ಉಕ್ಕಿನ ತಂತಿ ಇದ್ದಲ್ಲಿಯೂ, ಮನೆಯ ಕರೆಂಟಿನ ಪ್ಲಗ್ಗಿನ ಮೂಲಕವೂ ಅಪಾಯ ಬರುವುದುಂಟು. ಬಿಎಸ್‌ಎನ್‌ಎಲ್ ಸಂಸ್ಥೆಯು ಗ್ರಾಮಾಂತರಗಳಲ್ಲಿ ಫೈಬರನ್ನು ಬಹುಮಟ್ಟಿಗೆ ಸ್ಥಳೀಯ ಪಾಲುದಾರರ ಮೂಲಕ, ಆದಾಯವನ್ನು ಹಂಚಿಕೊಳ್ಳುವ ಕರಾರಿನ ಮೇಲೆ ನಡೆಸುತ್ತದೆ. ಜಿಯೋ ಸಂಸ್ಥೆಯ ಫೈಬರು 2019ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಖಾಸಗಿ ಕಂಪೆನಿಗಳ ಫೈಬರು ಸಾಮಾನ್ಯವಾಗಿ ಪೇಟೆಗಳಿಗೂ ಹೆದ್ದಾರಿಯ ಬದಿಗೂ ಮೊದಲು ಬಂದು, ಒಳಗಿನ ಬೈಲುಗಳಿಗೆ ನಿಧಾನವಾಗಿ ಕಾಲಿಡುವುದು. ಇವುಗಳ ಹೊರತಾಗಿ ಟಿವಿ ಕೇಬಲಿನವರು ನಡೆಸುವ ಸಣ್ಣ ಸಣ್ಣ ಜಾಲಗಳೂ ಉಂಟು.

ಮೂರನೆಯದು ತಂತಿಯಿಲ್ಲದ ಬಗೆ. ಮೊಬೈಲ್ ಟವರಿನ ಸಂಕೇತವನ್ನೇ ಮನೆಯ ಮಾಡಿನ ಮೇಲಿಟ್ಟ ಪೆಟ್ಟಿಗೆಯಿಂದ ಹಿಡಿದು ಒಳಗೆ ವೈಫೈ ಕೊಡುವುದು. ಏರ್‌ಟೆಲ್ ಮತ್ತು ಜಿಯೋ ಸಂಸ್ಥೆಗಳೆರಡೂ 2023ರಲ್ಲಿ ಏರ್‌ಫೈಬರ್ ಎಂಬ ಹೆಸರಿನಿಂದ ಇದನ್ನು ಆರಂಭಿಸಿದುವು. ಕಂಬವೂ ಕೇಬಲೂ ಬೇಡವೆಂಬುದು ಇದರ ದೊಡ್ಡ ಗುಣ. ಟವರು ಕಾಣಬೇಕೆಂಬುದು ಇದರ ದೊಡ್ಡ ದೋಷ. ನಮ್ಮ ಮನೆಗಳು ತಗ್ಗಿನಲ್ಲಿರುವುವು. ಸುತ್ತಲೂ ನಲುವತ್ತು ಐವತ್ತು ಅಡಿ ಎತ್ತರದ ಅಡಿಕೆ, ತೆಂಗು. ನೀರು ತುಂಬಿದ ಎಲೆಯು ಒಣಗಿದ ಎಲೆಗಿಂತ ಸಂಕೇತವನ್ನು ಹೆಚ್ಚಾಗಿ ನುಂಗುವುದು. ಆದುದರಿಂದ ಫೆಬ್ರವರಿಯಲ್ಲಿ ಚೆನ್ನಾಗಿದ್ದುದು ಜುಲೈಯಲ್ಲಿ ಕುಂಟತೊಡಗಿದರೆ ಆಶ್ಚರ್ಯವಿಲ್ಲ. ಕಡಿಮೆ ಕಂಪನದ ಅಲೆಗಳು, ಎಂದರೆ 700 ಮೆಗಾಹರ್ಟ್ಸಿನವು, ಮರಗಿಡಗಳ ನಡುವೆ ನುಸುಳಿ ದೂರ ಬರಬಲ್ಲುವು. 3500 ಮೆಗಾಹರ್ಟ್ಸಿನವು ಹೆಚ್ಚು ವೇಗವಾದರೂ ಅಡ್ಡಿಯನ್ನು ಸಹಿಸವು. ಗುಡ್ಡೆಯ ಮೇಲೆ ಟವರಿಗೆ ಎದುರಾಗಿರುವ ಮನೆಯವರಿಗೆ ಈ ಬಗೆಯು ನಿಜವಾಗಿಯೂ ಅನುಕೂಲವಾದುದು. ತಗ್ಗಿನ ಮನೆಯವರು ಪರೀಕ್ಷಿಸದೆ ಹಣ ಕಟ್ಟಬಾರದು.

ಉಪಗ್ರಹದ ಮಾತನ್ನು ಕೆಲವರು ಎತ್ತುವರು. ಹಳೆಯ ಬಗೆಯ ಉಪಗ್ರಹವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಬೆಳಕಿಗೇ ಅರ್ಧ ಸೆಕೆಂಡು ಬೇಕು. ಮಾತುಕತೆಗೆ ಅದು ತೊಡಕು. ಸುಮಾರು 550 ಕಿಲೋಮೀಟರು ಎತ್ತರದಲ್ಲಿ ತಿರುಗುವ ಹೊಸ ಬಗೆಯಲ್ಲಿ ಈ ತೊಡಕಿಲ್ಲ. ಅದನ್ನು ನಡೆಸುವ ಸ್ಟಾರ್‌ಲಿಂಕ್ ಕಂಪೆನಿಗೆ ನಮ್ಮ ದೇಶದಲ್ಲಿ 2025ರ ಜೂನಿನಲ್ಲಿ ಪರವಾನಗಿ ದೊರೆಯಿತು. ಆಕಾಶವು ತೆರೆದಿರಬೇಕೆಂಬ ನಿಯಮ ಅದಕ್ಕೂ ಉಂಟಾದುದರಿಂದ ಅಡಿಕೆ ತೋಟದ ನಡುವಿನ ಮನೆಯವರು ಅಲ್ಲಿಯೂ ಮಾಡಿನ ಮೇಲೆ ಏನು ಕಾಣುವುದೆಂಬುದನ್ನು ನೋಡಿಯೇ ನಿರ್ಧರಿಸಬೇಕಾಗುವುದು.

ವೇಗದ ವಿಚಾರ

ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ವೇಗವೊಂದೇ. 30 ಮೆಗಾಬಿಟ್, 100 ಮೆಗಾಬಿಟ್, 300 ಮೆಗಾಬಿಟ್ ಎಂದು. ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಹಾಗಾಗಿ 30 ಮೆಗಾಬಿಟ್ ವೇಗದ ಲೈನಿನಲ್ಲಿ ಒಂದು ಸೆಕೆಂಡಿಗೆ ಇಳಿಯುವುದು 3.75 ಮೆಗಾಬೈಟ್ ಮಾತ್ರ. ಇದನ್ನು ತಿಳಿಯದೆ ಕಂಪೆನಿಯವನು ಮೋಸ ಮಾಡಿದನೆಂದು ಜಗಳಕ್ಕೆ ನಿಂತವರನ್ನು ನಾವು ಕಂಡಿದ್ದೇವೆ.

ಅದಿರಲಿ, ಮನೆಗೆ ಬೇಕಾದುದೆಷ್ಟು? ಸ್ಪಷ್ಟವಾದ ಚಲನಚಿತ್ರವೊಂದಕ್ಕೆ ಸುಮಾರು 5 ಮೆಗಾಬಿಟ್, ಮುಖ ನೋಡಿ ಮಾತನಾಡುವ ಕರೆಗೆ 2ರಿಂದ 4 ಮೆಗಾಬಿಟ್ ಸಾಕು. ಹಜಾರದಲ್ಲಿ ಅಜ್ಜನು ಯಕ್ಷಗಾನ ನೋಡುತ್ತಿರಲು, ಚಾವಡಿಯಲ್ಲಿ ಮಗನು ಕಚೇರಿಯ ಸಭೆಯಲ್ಲಿರಲು, ಒಳಗೆ ಮೊಮ್ಮಗಳು ಪಾಠ ಕೇಳುತ್ತಿರಲು ಎಲ್ಲವೂ ಸೇರಿ 15 ಮೆಗಾಬಿಟ್ ದಾಟುವುದು ಕಷ್ಟ. ಮೂವತ್ತರ ಲೈನು ನಿಂತುಹೋಗದೆ ಬರುವುದಾದರೆ ಸಾಧಾರಣ ಕೃಷಿಕನ ಮನೆಗೆ ಅದು ಧಾರಾಳವಾಯಿತು. ದೊಡ್ಡ ಕಡತಗಳನ್ನು ಕಳುಹಿಸುವ ಉದ್ಯೋಗಿಗಳು ಮನೆಯಲ್ಲಿದ್ದರೆ ಮಾತ್ರ ಹೆಚ್ಚಿನದನ್ನು ಯೋಚಿಸತಕ್ಕದ್ದು. ಅಂಥವರು ಇಳಿಯುವ ವೇಗವನ್ನಲ್ಲ, ಏರುವ ವೇಗವನ್ನು ಕೇಳಬೇಕು. ತಂತಿಯಿಲ್ಲದ ಬಗೆಯಲ್ಲಿ ಏರುವ ವೇಗವು ಬಹಳ ಕಡಿಮೆಯಿರುವುದು ಸಾಮಾನ್ಯ.

ಫೈಬರಿನಲ್ಲಿಯೂ ಹಂಚಿಕೆಯುಂಟೆಂಬುದನ್ನು ಮರೆಯಬಾರದು. ರೂಢಿಯಲ್ಲಿರುವ ಏರ್ಪಾಡಿನಲ್ಲಿ ಎಕ್ಸ್‌ಚೇಂಜಿನ ಒಂದು ಕೊಂಡಿಯಿಂದ ಹೊರಡುವ ಸುಮಾರು 2500 ಮೆಗಾಬಿಟ್‌ಗಳನ್ನು 32, 64 ಅಥವಾ ಅದಕ್ಕೂ ಹೆಚ್ಚು ಮನೆಗಳಿಗೆ ಸೀಳಿ ಕೊಡುವರು. ಕಟ್ಟದ ನೀರನ್ನು ಸರದಿಯಿಲ್ಲದೆ ಎಲ್ಲರೂ ಏಕಕಾಲಕ್ಕೆ ತಿರುಗಿಸಿಕೊಂಡಂತೆ ರಾತ್ರಿ ಎಂಟರಿಂದ ಹತ್ತರವರೆಗೆ ಲೈನು ಸಣ್ಣದಾಗುವುದು. ಹೀಗಾಗಿ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ ಫಲವಿಲ್ಲ.

ಕಡೆಯದಾಗಿ, ವೇಗವಿಲ್ಲವೆಂಬ ದೂರುಗಳಲ್ಲಿ ಹಲವು ಮನೆಯ ಗೋಡೆಯ ಮೇಲಣ ದೂರುಗಳೇ ಆಗಿರುವುವು. ಒಂದಡಿ ದಪ್ಪದ ಮುರಕಲ್ಲಿನ ಗೋಡೆಗಳೆರಡನ್ನು ದಾಟುವಷ್ಟರಲ್ಲಿ ವೈಫೈಯು ಸೋತುಹೋಗುವುದು. ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿಟ್ಟರೆ ಅರ್ಧ ದೂರು ಅಲ್ಲಿಯೇ ತೀರುವುದು.

ಖರ್ಚಿನ ವಿಚಾರ

ದರಗಳು ಮೇಲಿಂದ ಮೇಲೆ ಬದಲಾಗುವುದರಿಂದ ಅವುಗಳ ಪಟ್ಟಿಯನ್ನು ಇಲ್ಲಿ ಕೊಡುವುದು ವ್ಯರ್ಥ. ಹೋಲಿಸುವ ರೀತಿಯನ್ನು ಮಾತ್ರ ತೋರಿಸುವೆವು. 2020ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಜಿಯೋ ಸಂಸ್ಥೆಯು 30 ಮೆಗಾಬಿಟ್‌ಗೆ ತಿಂಗಳಿಗೆ 399 ರೂಪಾಯಿಯ ದರವನ್ನೂ, ಬಿಎಸ್‌ಎನ್‌ಎಲ್ ಅಷ್ಟೇ ವೇಗಕ್ಕೆ 449 ರೂಪಾಯಿಯ ದರವನ್ನೂ ಪ್ರಕಟಿಸಿದುವು. 2023ರಲ್ಲಿ ಜಿಯೋ ಏರ್‌ಫೈಬರಿನ 30 ಮೆಗಾಬಿಟ್‌ಗೆ 599 ರೂಪಾಯಿ ಗೊತ್ತಾಯಿತು. ಇವಕ್ಕೆ ನೂರಕ್ಕೆ 18ರಂತೆ ತೆರಿಗೆ ಸೇರುವಾಗ ಕ್ರಮವಾಗಿ ಸುಮಾರು 471, 530, 707 ರೂಪಾಯಿಗಳಾಗುವುವು. ಜಾಹೀರಾತಿನ ಅಂಕಿಗೂ ಕಿಸೆಯಿಂದ ಹೋಗುವ ಅಂಕಿಗೂ ಇರುವ ಈ ವ್ಯತ್ಯಾಸವನ್ನು ಮೊದಲು ತಿಳಿಯತಕ್ಕದ್ದು. ಏರ್‌ಫೈಬರಿನ ದರದಲ್ಲಿ ಟಿವಿ ವಾಹಿನಿಗಳೂ ಕೆಲವು ಚಲನಚಿತ್ರದ ಆ್ಯಪ್‌ಗಳೂ ಸೇರಿದ್ದುವೆಂಬುದನ್ನೂ ಹೇಳಬೇಕು. ಅವು ಬೇಕಾದ ಮನೆಗೆ ಲಾಭ, ಬೇಡವಾದ ಮನೆಗೆ ದಂಡ.

ಬಿಎಸ್‌ಎನ್‌ಎಲ್‌ನ ಆ ದರಕ್ಕೆ ತಿಂಗಳಿಗೆ 3300 ಗಿಗಾಬೈಟ್‌ಗಳ ಮಿತಿಯಿದ್ದು, ಅದು ಮುಗಿದ ಮೇಲೆ ವೇಗವು 2 ಮೆಗಾಬಿಟ್‌ಗೆ ಇಳಿಯುತ್ತಿದ್ದಿತು. ಮಿತಿಯೆಂಬ ಮಾತನ್ನು ಕೇಳಿ ಹೆದರುವವರುಂಟು. ದಿನಕ್ಕೆ 110 ಗಿಗಾಬೈಟ್ ಎಂದರೆ ಎರಡು ಟಿವಿಗಳಲ್ಲಿ ಹಗಲಿರುಳು ಚಿತ್ರ ಓಡಿಸಿದಷ್ಟಾಯಿತು. ಅದನ್ನು ಮುಗಿಸುವ ಮನೆಯು ನಮ್ಮ ತಾಲೂಕುಗಳಲ್ಲಿ ಸಿಕ್ಕುವುದು ದುರ್ಲಭ.

ಇವೆಲ್ಲಕ್ಕಿಂತ ಮುಖ್ಯವಾದ ಖರ್ಚು ಬೇರೆ ಇದೆ. ಅದು ದರಪಟ್ಟಿಯಲ್ಲಿ ಇರುವುದಿಲ್ಲ. ರಸ್ತೆಯಿಂದ ಮನೆಯವರೆಗಿನ ಕೇಬಲಿನ ಬೆಲೆ ಯಾರದು? ಕಂಬ ಯಾರು ನೆಡಬೇಕು? ಪೆಟ್ಟಿಗೆಯು ಸ್ವಂತವೋ ಬಾಡಿಗೆಯೋ? ಸಿಡಿಲಿಗೆ ಸುಟ್ಟರೆ ಹೊಸದು ಕೊಡುವರೋ? ಇವಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಚೀಟಿಯ ಮೇಲೆ ಬರೆಯಿಸಿಕೊಳ್ಳುವುದು ಲೇಸು.

ಭರವಸೆಯ ವಿಚಾರ

ಈ ಲೇಖಕನು ತನ್ನ ಅನುಭವವೊಂದನ್ನು ಹೇಳಿಕೊಳ್ಳಲು ಅಪ್ಪಣೆ ಬೇಡುತ್ತಾನೆ. ಕಂಪೆನಿಯ ಹೆಸರು ಇಲ್ಲಿ ಅನಾವಶ್ಯಕ. ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿ ತಿಂಗಳಲ್ಲಿ, ಅಡಿಕೆ ಸುಲಿಯುವ ಗಡಿಬಿಡಿಯ ನಡುವೆ, ಒಬ್ಬ ಯುವಕನು ಬಂದು 100 ಮೆಗಾಬಿಟ್ ವೇಗದ ವರ್ಣನೆಯನ್ನು ಮಾಡಿದನು. ವರ್ಷದ ಹಣವನ್ನು ಒಮ್ಮೆಲೇ ಕಟ್ಟಿದರೆ ಒಂದು ತಿಂಗಳು ಪುಕ್ಕಟೆಯೆಂದನು. ಕಟ್ಟಿದೆವು. ಮೂರು ತಿಂಗಳು ಲೈನು ಕುದುರೆಯಂತೆ ಓಡಿತು. ಜೂನ್ ಎರಡನೆಯ ವಾರದಲ್ಲಿ ಮೇಲಿನ ಗುಡ್ಡೆಯ ಹಲಸಿನ ಮರದ ಕೊಂಬೆಯೊಂದು ಕೇಬಲಿನ ಮೇಲೆ ಬಿದ್ದಿತು. ದೂರು ಕೊಟ್ಟೆವು, ಸಂಖ್ಯೆ ಬಂದಿತು, ಲೈನ್‌ಮ್ಯಾನು ಬರಲಿಲ್ಲ. ನಾಲ್ಕು ಗ್ರಾಮಗಳಿಗೆ ಅವನೊಬ್ಬನೇ. ಗಾಜಿನ ಎಳೆಯನ್ನು ಬೆಸೆಯುವ ಯಂತ್ರವು ಮತ್ತೊಬ್ಬನ ಕೈಯಲ್ಲಿ, ಅವನು ಮತ್ತೊಂದು ಹೋಬಳಿಯಲ್ಲಿ. ಹನ್ನೊಂದನೆಯ ದಿವಸ ಅವರಿಬ್ಬರೂ ಸೇರಿ ಬಂದು ಅರ್ಧ ಗಂಟೆಯಲ್ಲಿ ಸರಿಮಾಡಿದರು. ಆಟಿ ತಿಂಗಳಲ್ಲಿ ಪುನಃ ಅದೇ ಕಥೆ. ತೋಡಿನ ಆಚೆಯ ನೆರೆಮನೆಯವರು ಬೇರೆ ಕಂಪೆನಿಯ 30 ಮೆಗಾಬಿಟ್‌ನ ಲೈನಿನಲ್ಲಿ ಆ ಮಳೆಗಾಲವನ್ನು ಸುಖವಾಗಿ ಕಳೆದರು. ಅವರ ಕಂಪೆನಿಯು ನಮ್ಮದಕ್ಕಿಂತ ಉತ್ತಮವೆಂದು ನಾವು ಮೊದಲು ತಿಳಿದೆವು. ಹೋಗಿ ನೋಡಲಾಗಿ ಕಾರಣ ಬೇರೆಯಾಗಿತ್ತು. ಅವರ ಕೇಬಲು ಪಂಚಾಯತಿ ರಸ್ತೆಯ ಬದಿಯಲ್ಲಿ, ಮರವಿಲ್ಲದ ಜಾಗದಲ್ಲಿ ಬಂದಿತ್ತು. ನಮ್ಮದು ಹತ್ತಿರದ ದಾರಿಯೆಂದು ಕಾಡಿನ ನಡುವೆ ಎಳೆದದ್ದು. ಅವರ ಲೈನ್‌ಮ್ಯಾನನ ಮನೆಯು ಒಂದು ಮೈಲು ದೂರದಲ್ಲಿ ಇದ್ದಿತು.

ಈ ಅನುಭವದಿಂದ ನಮಗೆ ತಿಳಿದುಬಂದುದೇನೆಂದರೆ, ನಮ್ಮ ಸೀಮೆಯಲ್ಲಿ ಕಂಪೆನಿಗಳನ್ನು ಹೆಸರಿನಿಂದ ಹೋಲಿಸುವುದರಲ್ಲಿ ಹುರುಳಿಲ್ಲ. ಒಂದೇ ಕಂಪೆನಿಯು ಒಂದು ಬೈಲಿನಲ್ಲಿ ಉತ್ತಮವಾಗಿಯೂ ಪಕ್ಕದ ಬೈಲಿನಲ್ಲಿ ಕಳಪೆಯಾಗಿಯೂ ಇರಬಲ್ಲುದು. ಹೋಲಿಸಬೇಕಾದುವು ಬೇರೆ: ಕೇಬಲು ಬರುವ ದಾರಿ ಯಾವುದು, ಅದನ್ನು ನೋಡಿಕೊಳ್ಳುವವನು ಯಾರು, ಅವನ ಮನೆ ಎಲ್ಲಿ, ಬೆಸೆಯುವ ಯಂತ್ರ ಯಾರ ಕೈಯಲ್ಲಿದೆ, ಮತ್ತು ಕರೆಂಟು ಹೋದಾಗ ಆಚೆಯ ತುದಿ ಎಷ್ಟು ಹೊತ್ತು ಜೀವದಿಂದಿರುವುದು.

ಕಡೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಇನ್ವರ್ಟರು ಇದ್ದ ಮಾತ್ರಕ್ಕೆ ಲೈನು ಬರುವುದಿಲ್ಲ. ಎಕ್ಸ್‌ಚೇಂಜಿನ ಯಂತ್ರಕ್ಕೂ ನಡುವಣ ಪೆಟ್ಟಿಗೆಗಳಿಗೂ ಬ್ಯಾಟರಿ ಬೇಕು. ಗಾಳಿಮಳೆಗೆ ಕಂಬಗಳು ಮುರಿದು ಎರಡು ಮೂರು ದಿನ ಕರೆಂಟಿಲ್ಲದಿರುವುದು ನಮಗೆ ಹೊಸತಲ್ಲ. ಡೀಸೆಲು ಇಲ್ಲದ ಎಕ್ಸ್‌ಚೇಂಜೂ, ಬ್ಯಾಟರಿ ಸತ್ತ ಟವರೂ ಆಗ ಒಂದೇ. 2022ರ ಆಗಸ್ಟ್ ಮೊದಲಲ್ಲಿ ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರುಗಳ ಕಡೆ ಪ್ರವಾಹವೂ ಭೂಕುಸಿತವೂ ಒದಗಿದುವು. ಅಂತಹ ರಾತ್ರಿಗಳಲ್ಲಿ ಒಂದು ಕರೆ ಹೋಗುವುದೂ ಹೋಗದಿರುವುದೂ ಜೀವದ ಪ್ರಶ್ನೆಯಾಗುವುದೆಂದು ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಮನೆಯ ತುದಿಯ ಏರ್ಪಾಡು ಸುಲಭ. ಫೈಬರಿನ ಪೆಟ್ಟಿಗೆಯು ಸಾಮಾನ್ಯವಾಗಿ 12 ವೋಲ್ಟಿನಲ್ಲಿ ನಡೆಯುವುದು; ಹನ್ನೆರಡು ವಾಟಿಗಿಂತ ಹೆಚ್ಚು ತಿನ್ನದು. 12 ವೋಲ್ಟು, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯೊಂದು ಐದಾರು ಗಂಟೆ ಅದನ್ನು ನಡೆಸಬಲ್ಲುದು. ಸೋಲಾರು ಇರುವ ಮನೆಗಳಲ್ಲಿ ಅದಕ್ಕೇ ಸೇರಿಸಿಬಿಡಬಹುದು.

ದಾರಿಯ ವಿಷಯವು ಇದಕ್ಕಿಂತ ತೊಡಕಿನದು. 2018ರ ಆಗಸ್ಟಿನಲ್ಲಿ ಸಂಪಾಜೆಯಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಜೋಡುಪಾಲದ ಬಳಿ ಕುಸಿದು ಸಂಚಾರವು ಬಹುದಿನ ನಿಂತುದನ್ನು ಎಲ್ಲರೂ ಬಲ್ಲರು. ರಸ್ತೆಯ ಬದಿಯಲ್ಲಿ ಹೂಳಿದ ಕೇಬಲು ರಸ್ತೆಯ ಗತಿಯನ್ನೇ ಹೊಂದುವುದು. ಕುಸಿತವಿಲ್ಲದಾಗಲೂ ರಸ್ತೆ ಅಗಲ ಮಾಡುವ ಜೆಸಿಬಿಯ ಒಂದು ಹಲ್ಲು ಸಾಕು, ಹೋಬಳಿಯೇ ಮೌನವಾಗುವುದು. ಒಂದೇ ದಾರಿಯ ಜಾಲಕ್ಕೆ ಇದು ಹುಟ್ಟು ದೋಷ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮಪಂಚಾಯತಿಗಳಿಗೆ ಫೈಬರನ್ನು ತಲಪಿಸುವುದಕ್ಕಾಗಿ ಹೊರಟುದು. 2023ರಲ್ಲಿ ಕೇಂದ್ರ ಸರಕಾರವು 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಯನ್ನು ಒಪ್ಪಿದಾಗ ಅದರಲ್ಲಿ ಜಾಲವನ್ನು ಉಂಗುರದ ಆಕಾರದಲ್ಲಿ ಕಟ್ಟಬೇಕೆಂಬ ಅಂಶವು ಸೇರಿತು. ಉಂಗುರದಲ್ಲಿ ಒಂದು ಕಡೆ ಕಡಿದರೆ ಸಂಕೇತವು ಇನ್ನೊಂದು ಕಡೆಯಿಂದ ಸುತ್ತಿ ಬರುವುದು. ತಮ್ಮ ಪಂಚಾಯತಿಯ ಫೈಬರು ಒಂದೇ ದಾರಿಯದೋ ಉಂಗುರದ್ದೋ ಎಂಬುದನ್ನು ಗ್ರಾಮದ ಮುಖಂಡರು ಕೇಳಿ ತಿಳಿಯುವುದು ಅವರ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ತಂತಿಯಿಲ್ಲದ ಸೇವೆಯ ವ್ಯಾಪ್ತಿಯ ನಕ್ಷೆಗಳನ್ನು ಕಂಪೆನಿಗಳು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ನಿಯಮಗಳಲ್ಲಿ ವಿಧಿಸಿದೆ. ನೋಡಬಹುದು. ಆದರೆ ನಕ್ಷೆಯಲ್ಲಿ ಹಸಿರಾಗಿ ಕಂಡ ಮಾತ್ರಕ್ಕೆ ಗುಡ್ಡೆಯ ಮರೆಯ ಮನೆಗೆ ಸಂಕೇತ ಬಂದಿತೆಂದು ನಂಬಲಾಗದು. ಬಿಎಸ್‌ಎನ್‌ಎಲ್‌ನ ಸ್ವದೇಶೀ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಗೊಂಡಿತು. ಅದರಿಂದ ತಮ್ಮ ಅಂಗಳದಲ್ಲಿ ಏನು ವ್ಯತ್ಯಾಸವಾಗಿದೆಯೆಂಬುದನ್ನು ಮೊಬೈಲು ಹಿಡಿದು ಅಂಗಳದಲ್ಲಿಯೇ ನೋಡತಕ್ಕದ್ದು.

ಪುಸ್ತಕವಿಡುವ ಕ್ರಮ

ನಮ್ಮ ತಾಲೂಕುಗಳಲ್ಲಿ ಮಳೆಯ ಲೆಕ್ಕವನ್ನು ದಶಕಗಳಿಂದ ಬರೆದಿಟ್ಟಿರುವ ಕೃಷಿಕರಿದ್ದಾರೆ. ಅಂಗಳದಲ್ಲಿ ಮಳೆಮಾಪಕ, ಗೋಡೆಯ ಮೊಳೆಗೆ ನೋಟು ಪುಸ್ತಕ. ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಎಳೆದು ಲೈನಿನ ಲೆಕ್ಕವನ್ನೂ ಬರೆಯಬೇಕೆಂಬುದು ನಮ್ಮ ಸೂಚನೆ. ಬೆಳಗ್ಗೆ ಏಳಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಇತ್ತೋ ಇಲ್ಲವೋ. ಇಲ್ಲದಿದ್ದರೆ ಕರೆಂಟು ಇತ್ತೋ ಇಲ್ಲವೋ. ದೂರು ಕೊಟ್ಟ ತಾರೀಕು, ದೂರಿನ ಸಂಖ್ಯೆ, ಸರಿಯಾದ ತಾರೀಕು. ಇಷ್ಟೇ ಸಾಕು. ಜೂನಿನಿಂದ ಸೆಪ್ಟೆಂಬರಿನವರೆಗೆ 122 ದಿವಸಗಳು. ಒಂದು ಬೈಲಿನ ಐದಾರು ಮನೆಗಳವರು ಹೀಗೆ ಬರೆದರೆ ಯಾವ ಲೈನು ಎಷ್ಟು ದಿವಸ ಸತ್ತಿತ್ತೆಂಬುದು ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿ ತಿಳಿದುಬರುವುದು. ಆ ಲೆಕ್ಕದಿಂದ ತಿಂಗಳ ದರವನ್ನು ಪುನಃ ಹಾಕಿ ನೋಡಬೇಕು. 471 ರೂಪಾಯಿಯ ಲೈನು ತಿಂಗಳಲ್ಲಿ ಹದಿನೈದು ದಿನ ಮಾತ್ರ ನಡೆದರೆ ನಡೆದ ದಿನಕ್ಕೆ ಮೂವತ್ತೊಂದು ರೂಪಾಯಿಯ ಮೇಲೆ ಬಿದ್ದಿತು. 707 ರೂಪಾಯಿಯದು ಇಪ್ಪತ್ತೊಂಬತ್ತು ದಿನ ನಡೆದರೆ ದಿನಕ್ಕೆ ಇಪ್ಪತ್ತನಾಲ್ಕು ರೂಪಾಯಿ ಚಿಲ್ಲರೆ. ಅಗ್ಗವಾದುದು ಯಾವುದು?

ದೂರಿನ ಸಂಖ್ಯೆಯನ್ನು ಬರೆದಿಡುವುದಕ್ಕೆ ಇನ್ನೊಂದು ಪ್ರಯೋಜನವೂ ಉಂಟು. 2012ರ ನಿಯಮಗಳ ಪ್ರಕಾರ ಪ್ರತಿಯೊಂದು ಕಂಪೆನಿಯೂ ದೂರಿಗೆ ಸಂಖ್ಯೆಯನ್ನು ಕೊಡತಕ್ಕದ್ದು, ಮತ್ತು ಪರಿಹಾರವಾಗದಿದ್ದಲ್ಲಿ ಮೇಲ್ಮನವಿಯನ್ನು ಕೇಳುವ ಪ್ರಾಧಿಕಾರವೊಂದನ್ನು ಇಟ್ಟಿರತಕ್ಕದ್ದು. ಸಂಖ್ಯೆಯಿಲ್ಲದ ದೂರು ನೀರಿನ ಮೇಲಣ ಬರಹದಂತೆ.

ಬೈಲಿನವರು ಕೂಡಿ ಮಾಡತಕ್ಕುದು

ಒಬ್ಬನೇ ಕೇಳಿದರೆ ಕಂಪೆನಿಯವನು ದೂರ ಬಹಳವೆನ್ನುವನು. ಹತ್ತು ಮನೆಗಳವರು ಕೂಡಿ ಒಂದೇ ಅರ್ಜಿ ಕೊಟ್ಟರೆ ದೂರವು ಕಡಿಮೆಯಾಗುವುದು. ಇದು ನಾವು ಕಂಡ ವಿಚಿತ್ರ. ಹೀಗೆ ಕೂಡಿದ ಕಡೆಗಳಲ್ಲಿ ತಡೆಯು ಸಾಮಾನ್ಯವಾಗಿ ಕಂಪೆನಿಯಿಂದ ಬರುವುದಿಲ್ಲ, ನಮ್ಮಿಂದಲೇ ಬರುವುದು. ವರ್ಗದ ಜಾಗದಲ್ಲಿ ಕಂಬ ಬೇಡವೆನ್ನುವವರು, ಹಳೆಯ ಗಡಿ ತಕರಾರನ್ನು ಕೇಬಲಿನ ಮೇಲೆ ತೀರಿಸಿಕೊಳ್ಳುವವರು, ಒಂದು ಕೊಂಬೆ ಕಡಿಯಲು ಬಿಡದವರು. ಖಾಸಗಿ ಭೂಮಿಯಲ್ಲಿ ಮಾಲಕನ ಒಪ್ಪಿಗೆಯನ್ನು ಕೇಳುವುದು ಕ್ರಮವೇ ಸರಿ. ಆದರೆ ಮೇಲಿನ ಮನೆಯವನು ಕಂಬವನ್ನು ತಡೆದರೆ ಕೆಳಗಿನ ಏಳು ಮನೆಗಳ ಮಕ್ಕಳು ಪುನಃ ಗುಡ್ಡೆ ಹತ್ತಬೇಕಾಗುವುದು. ತೋಡಿನ ನೀರಿಗೂ ಕಾಲುದಾರಿಗೂ ಒಪ್ಪಂದ ಮಾಡಿಸಿದ ಹಿರಿಯರು ಇದಕ್ಕೂ ಕುಳಿತು ಮಾತನಾಡಿಸಬಲ್ಲರು. ಅವರಲ್ಲದೆ ಬೇರೆ ಯಾರೂ ಮಾಡಲಾರರು.

ದಾರಿಯನ್ನು ಆರಿಸುವಾಗ ನೂರು ಮೀಟರು ಹೆಚ್ಚಾದರೂ ರಸ್ತೆಯ ಬದಿಯನ್ನೇ ಹಿಡಿಯತಕ್ಕದ್ದು. ಪತ್ತನಾಜೆಯ ಮೊದಲು, ಎಂದರೆ ಮೇ ಮೂರನೆಯ ವಾರದೊಳಗೆ, ಕೇಬಲಿನ ಮೇಲೆ ಬಾಗಿದ ಕೊಂಬೆಗಳನ್ನು ಬೈಲಿನವರೇ ಒಂದು ದಿವಸ ಕೂಡಿ ಸವರಿಬಿಡಬೇಕು. ಕರೆಂಟಿನ ಕಂಬವಿದ್ದಲ್ಲಿ ಮೆಸ್ಕಾಂನವರಿಗೆ ತಿಳಿಸದೆ ಕೈಹಾಕಬಾರದು. ಕೊಯ್ದ ಸೋಗೆಯನ್ನೂ ಕಡಿದ ರಬ್ಬರು ಮರವನ್ನೂ ಕೇಬಲಿನ ಮೇಲೆ ಉರುಳಿಸದಂತೆ ಕೆಲಸದವರಿಗೆ ಮೊದಲೇ ಹೇಳಿಡಬೇಕು.

ಹೊಸದಾಗಿ ಸಂಪರ್ಕ ಪಡೆಯುವವರು ಬಿಸಿಲುಗಾಲದಲ್ಲಿ ಬರುವ ಮಾರಾಟಗಾರನಿಗೆ ವರ್ಷದ ಹಣವನ್ನು ಕೊಡದೆ ತಿಂಗಳು ತಿಂಗಳಾಗಿ ಕಟ್ಟಿ, ಆಟಿ ಕಳೆದ ಮೇಲೆ ಪುಸ್ತಕವನ್ನು ನೋಡಿ, ಬೇಕಾದರೆ ಆಗ ವರ್ಷದ್ದನ್ನು ಕಟ್ಟುವುದು. ಮನೆಯಲ್ಲಿಯೇ ಕುಳಿತು ಉದ್ಯೋಗ ಮಾಡುವವರಿದ್ದರೆ ಅಗ್ಗದ ಫೈಬರೊಂದನ್ನೂ, ಬೇರೆ ಕಂಪೆನಿಯ ಮೊಬೈಲ್ ರೀಚಾರ್ಜೊಂದನ್ನೂ ಜೊತೆಯಾಗಿ ಇಟ್ಟುಕೊಳ್ಳುವುದು ದುಬಾರಿಯ ಒಂದೇ ಲೈನಿಗಿಂತ ಮೇಲು. ಎರಡೂ ಒಂದೇ ಟವರನ್ನೋ ಒಂದೇ ರಸ್ತೆಯ ಕೇಬಲನ್ನೋ ನೆಚ್ಚಿಲ್ಲವೆಂಬುದನ್ನು ಮಾತ್ರ ವಿಚಾರಿಸಿಕೊಳ್ಳಬೇಕು. ಮಳೆ ಹಿಂದೆ ಸರಿಯುವ ಅಕ್ಟೋಬರ್, ನವೆಂಬರ್ ಸಂಜೆಗಳಲ್ಲಿ ಗುಡುಗು ದೂರದಲ್ಲಿ ಕೇಳಿದೊಡನೆ ರೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದು. ಸ್ವಿಚ್ಚು ಆರಿಸಿದರೆ ಸಾಲದು.